ಕಾಲಿನ ಮಾತು

"ಚಪ್ಪಲಿ ಬಿಚ್ಚು," ಅಂದರು ದಸ್ತಗೀರ್ ಮೇಸ್ತ್ರಿ.
ಹಳೇ ಟೈರಿನ ಮೇಲೆ ಕೂತಿದ್ದರು,
ಬಲಗಾಲಿಗೆ ಬ್ಯಾಂಡೇಜು.

ಹುಲಿಕಲ್ ಘಾಟಿಯ ಐದನೇ ತಿರುವಿನಲ್ಲಿ
ನನ್ನ ಬ್ರೇಕ್ ಪೆಡಲು ಕೆಳಗೆ ಕೂತಿತ್ತು,
ಸಕ್ರೆಬೈಲಿನ ಆನೆ ಸ್ನಾನಕ್ಕೆಂದು
ನೀರಿನಲ್ಲಿ ಮೊಣಕಾಲೂರಿದ ಹಾಗೆ,
ಏನೂ ಅವಸರವಿಲ್ಲದೆ.
ಹ್ಯಾಂಡ್‌ಬ್ರೇಕು, ಗೇರು, ದೇವರು, ಮೂವರನ್ನೂ ಹಿಡಿದು
ಹೇಗೋ ಅಕ್ಕಿ ಇಳಿಸಿ ಬಂದೆ. ಖಾಲಿ ಲಾರಿಯನ್ನು
ಎರಡನೇ ಗೇರಿನಲ್ಲೇ ಶಿವಮೊಗ್ಗಕ್ಕೆ ತಂದು
ಸಾಗರ ರಸ್ತೆಯ ಈ ಶೆಡ್ಡಿಗೆ ಹಚ್ಚಿದೆ.

ಸಕ್ಕರೆ ಕಾಯಿಲೆ ಮೇಸ್ತ್ರಿಯ ಬೆರಳಿಂದ ಶುರುವಾಗಿ
ಹಿಮ್ಮಡಿಯವರೆಗೆ ಎಲ್ಲ ಅಳಿಸಿಕೊಂಡು ಹೋಗಿದೆ.
ಮೊಳೆ ಚುಚ್ಚಿದ್ದು
ರಕ್ತ ನೋಡಿದ ಮೇಲೆ ಗೊತ್ತಾಯಿತಂತೆ.
"ನಾನು ತುಳಿದರೆ ಪೆಡಲು ಕಾಣುತ್ತೆ, ತಿಳಿಯೋದಿಲ್ಲ.
ತುಳಿಯೋದು ನೀನು. ಹೇಳೋದೂ ನೀನೇ."

"ಹೇಗಿದೆ?"
"ಮೆತ್ತಗಿದೆ."
"ಮೆತ್ತಗೆ ಅಂದ್ರೆ ನೂರಿವೆ.
ಕಳಿತ ಪಪ್ಪಾಯಿಯಾ? ಒದ್ದೆ ಗೋಣಿಚೀಲವಾ?"
ನಾನು ಹಾಲೇಶ. ಹತ್ತೊಂಬತ್ತು ವರ್ಷದಿಂದ
ಕುಂದಾಪುರಕ್ಕೆ ಅಕ್ಕಿ ಹೊಡೆಯುವವನು.
ಇಷ್ಟು ದಿನ ನನ್ನ ಕಾಲನ್ನು
ಯಾರೂ ಪ್ರಶ್ನೆ ಕೇಳಿರಲಿಲ್ಲ.

"ಬೇಗ ಬೇಗ ಎರಡು ಸಲ ಒತ್ತು. ಮೇಲೆ ಬಂತಾ?"
"ಇಲ್ಲ."
"ಬಂದಿದ್ರೆ ಗಾಳಿ ಹೊಕ್ಕಿದೆ ಅಂತಿದ್ದೆ.
ಇಂಜಿನ್ ಆಫ್ ಮಾಡಿ ಒತ್ತಿ ಹಿಡಿ. ಹಾಂ, ಈಗ ಸ್ಟಾರ್ಟ್ ಮಾಡು."
ಒಂದು ಬೆರಳು ತಟ್ಟನೆ ಇಳಿಯಿತು.
"ಇಳೀಬೇಕು ಅದು. ಬೂಸ್ಟರ್ ಬದುಕಿದೆ. ಬಿಡಬೇಡ."

ಬಿಡಲಿಲ್ಲ.
ಪಕ್ಕದ ಶೆಡ್ಡಿನಲ್ಲಿ ಯಾರೋ ಟ್ಯೂಬನ್ನು ತೊಟ್ಟಿಯಲ್ಲಿ ಮುಳುಗಿಸಿ
ಗುಳ್ಳೆ ಹುಡುಕುತ್ತಿದ್ದರು.
ಅಷ್ಟರಲ್ಲಿ ಮತ್ತೆ, ನನ್ನ ಪಾದದಡಿ, ಅದೇ ಆನೆ.
"ಎಷ್ಟು ನಿಧಾನ?"
"ಬೀಡಿ ಉರಿದಷ್ಟು."
ಮೇಸ್ತ್ರಿ ಮೊದಲ ಸಲ ನಕ್ಕರು:
"ಈಗ ಮಾತಾಡಿದೆ ನೋಡು."

ಹೋದ ವಾರ ತೀರ್ಥಹಳ್ಳಿಯಲ್ಲಿ ನಾಲ್ಕೂ ಚಕ್ರ ಬಿಚ್ಚಿ
ಹೊಸ ಸಿಲಿಂಡರ್ ಹಾಕಿ ಬಿಲ್ಲು ಬರೆದಿದ್ದರು.
ಡ್ರಮ್ಮಿನೊಳಗೆ ಒಣ ಧೂಳು. ಪೈಪಿನಲ್ಲಿ ಹನಿಯಿಲ್ಲ.
ಆಯಿಲ್ ಡಬ್ಬಿಯಲ್ಲಿ ಗೀಟೆಳೆದಲ್ಲೇ ಮಟ್ಟ.
ಎಲ್ಲೂ ಹೋಗದ ಆಯಿಲ್
ಹೋಗುತ್ತಿರುವುದು ಎಲ್ಲಿಗೆ?

ಮೊಮ್ಮಗಳು ನಸೀಬಾ ಸ್ಕೂಲ್ ಬ್ಯಾಗು ಇಳಿಸದೆಯೇ
ಬಂಪರ್ ಹತ್ತಿ ಡಬ್ಬಿಯೊಳಗೆ ಟಾರ್ಚು ಬಿಟ್ಟಳು.
"ಒತ್ತಿ ಹಿಡಿ, ಹಾಲೇಶ."
"ದಾದಾ, ಒಳಗೆ ಸುಳಿ ಏಳ್ತಿದೆ. ಸಣ್ಣದು.
ಇರುವೆ ಈಜಿದ ಹಾಗೆ."

ಮಾಸ್ಟರ್ ಸಿಲಿಂಡರ್.
ಮುಂದಕ್ಕೆ ತಳ್ಳಬೇಕಾದ್ದನ್ನು ಒಳಗಿನ ರಬ್ಬರು
ತನ್ನ ಬೆನ್ನ ಹಿಂದಕ್ಕೇ ಬಿಟ್ಟುಕೊಡುತ್ತಿತ್ತು.
ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು:
ಅಂಚಿನಲ್ಲಿ ಬೆಕ್ಕಿನ ಉಗುರು ತಾಗಿದಂಥ ಗೀರು.
ಐವತ್ತು ಮೂಟೆ ಅಕ್ಕಿ, ನಾನು, ನನ್ನ ಕ್ಲೀನರು
ಇಷ್ಟರ ಮೇಲೆ ಭಾರ ಹಾಕಿ ಘಾಟಿ ಇಳಿದಿದ್ದೆವು.

ಹೊಸ ಕಿಟ್ ಕೂತಿತು. ಚಕ್ರದಡಿ ಹುಡುಗ ಬಾಟಲಿ ಹಿಡಿದ.
ಒತ್ತು. ಒತ್ತು. ಹಿಡಿ.
ಒತ್ತು. ಒತ್ತು. ಹಿಡಿ.
ಗುಳ್ಳೆ ನಿಲ್ಲುವ ಹೊತ್ತಿಗೆ ಮಗ್ರಿಬ್ ಬಾಂಗು.
"ಈಗ ಹೇಗಿದೆ?"
"ಸರಿ ಇದೆ."
ಮೇಸ್ತ್ರಿ ಮುಖ ಚಿಕ್ಕದಾಯಿತು.
"ಸರಿ ಅನ್ನೋದು ಬಾಯಿ ಮಾತು,"
ಅಂದು, ಚಿಲ್ಲರೆ ಎಣಿಸಿ ಕೊಟ್ಟು,
ಗೋಡೆ ಹಿಡಿದು ಎದ್ದರು.

ಗುರುವಾರ ಅದೇ ತಿರುವು, ತುಂಬಿದ ಲಾರಿ,
ಎದುರಿಗೆ ರಸ್ತೆಯನ್ನೆಲ್ಲ ತನ್ನದು ಮಾಡಿಕೊಂಡು ಬಂದ ಬಸ್ಸು.
ಒತ್ತಿದೆ.
ಹಟ್ಟಿಯಲ್ಲಿ ಕರು ನಮ್ಮ ಅಂಗೈಗೆ ಹಣೆ ಕೊಟ್ಟು
ನೂಕದೆ, ಹಿಂದಕ್ಕೂ ಸರಿಯದೆ
ನಿಲ್ಲುತ್ತಲ್ಲ,
ಹಾಗೆ.

ಮೊಬೈಲ್ ತೆಗೆದೆ. ಘಾಟಿಯಲ್ಲಿ ಸಿಗ್ನಲ್ ಎಲ್ಲಿದೆ.
ಹೊಸಂಗಡಿ ಬರುವವರೆಗೆ ಮರೆಯದಿರಲೆಂದು
ಕರು, ಕರು, ಅಂದುಕೊಳ್ಳುತ್ತ ಇಳಿದೆ.
ಕ್ಲೀನರು ನನ್ನ ಮುಖ ನೋಡಿದ.